ನಕ್ಷೆಯಲ್ಲಿ ಮೊದಲು ಕಪಿಲೆ ಬರಲಿ: ನಂಜನಗೂಡಿನ ಯೋಜಕರಿಗೆ ಒಂದು ಬಹಿರಂಗ ಪತ್ರ

ಮೈಸೂರು–ನಂಜನಗೂಡು ಸ್ಥಳೀಯ ಯೋಜನಾ ಪ್ರದೇಶದ ಮುಂದಿನ ಮಹಾ ಯೋಜನೆಯನ್ನು ಸಿದ್ಧಪಡಿಸಲಿರುವ ಅಧಿಕಾರಿಗಳಿಗೆ, ನಂಜನಗೂಡು ನಗರಸಭೆಯ ಸದಸ್ಯರಿಗೆ ಹಾಗೂ ಊರಿನ ನಾಗರಿಕರಿಗೆ

ಮಾನ್ಯರೇ,

ಯಾವ ನೆಲವನ್ನು ಯಾವುದಕ್ಕೆ ಬಳಸಬೇಕೆಂದು ಗೊತ್ತುಮಾಡುವ, ಈಗ ಜಾರಿಯಲ್ಲಿರುವ ಮಹಾ ಯೋಜನೆಯನ್ನು (ಮಾಸ್ಟರ್ ಪ್ಲಾನ್) 2031ರವರೆಗಿನ ಬೆಳವಣಿಗೆಯನ್ನು ಗಮನದಲ್ಲಿಟ್ಟುಕೊಂಡು ರೂಪಿಸಲಾಗಿದೆ. ಆ ಅವಧಿ ಮುಗಿಯುವ ಮುನ್ನ ಮುಂದಿನ ಯೋಜನೆಯ ಕೆಲಸ ನಡೆಯಲೇಬೇಕಾಗಿರುವುದರಿಂದ, ನಕ್ಷೆಯ ಮೇಲೆ ಮೊದಲ ಗೆರೆ ಬೀಳುವುದಕ್ಕೆ ಮುಂಚೆಯೇ ಈ ಪತ್ರವನ್ನು ಬರೆಯುತ್ತಿದ್ದೇನೆ. ಮೈಸೂರು ಮತ್ತು ನಂಜನಗೂಡನ್ನು ಒಂದೇ ಯೋಜನಾ ಪ್ರದೇಶವೆಂದು ಪರಿಗಣಿಸಿರುವುದಕ್ಕೆ ನನ್ನ ಆಕ್ಷೇಪವಿಲ್ಲ. ಎರಡೂ ಊರುಗಳ ನಡುವಿನ ಸುಮಾರು 23 ಕಿಲೋಮೀಟರ್ ದಾರಿಯಲ್ಲಿ ಮಂಡಕಳ್ಳಿಯ ವಿಮಾನ ನಿಲ್ದಾಣ, ಕಡಕೊಳ, ತಾಂಡವಪುರ, ಕಾರ್ಖಾನೆಗಳು ಮತ್ತು ಹೊಸ ಬಡಾವಣೆಗಳು ಬಂದು, ಬಯಲು ಎನ್ನುವಂಥದ್ದು ಈಗ ಹೆಚ್ಚು ಉಳಿದಿಲ್ಲ. ಬೆಳಿಗ್ಗೆ ಮೈಸೂರಿಗೆ ಕೆಲಸಕ್ಕೆ ಹೋಗಿ ಸಂಜೆ ಮರಳುವವರೂ, ಮೈಸೂರಿನಿಂದ ಇಲ್ಲಿನ ಕಾರ್ಖಾನೆಗಳಿಗೆ ಬರುವವರೂ ಈ ರಸ್ತೆಯನ್ನು ಒಂದೇ ನಗರದ ಬೀದಿಯಂತೆ ಬಳಸುತ್ತಾರೆ. ಆದರೆ ಮೈಸೂರಿನ ಕಡೆಯಿಂದ ನೋಡಿದಾಗ ನಂಜನಗೂಡು ದೊಡ್ಡ ನಗರವೊಂದರ ದಕ್ಷಿಣದ ತುದಿಯಂತೆ ಕಾಣುತ್ತದೆ. ಅದು ತನ್ನದೇ ಕಾರಣಗಳಿಗಾಗಿ, ತನ್ನದೇ ಸ್ಥಳದಲ್ಲಿ, ಒಂದು ನದಿಯ ದಂಡೆಯ ಮೇಲೆ ನೆಲೆಗೊಂಡ ಊರು ಎಂಬುದು ಆ ನೋಟದಿಂದ ತಪ್ಪಿಹೋಗುತ್ತದೆ. ನನ್ನ ಕೋರಿಕೆ ಒಂದೇ: ಈ ಊರಿನ ಮಟ್ಟಿಗೆ ನಕ್ಷೆಯನ್ನು ಹೆದ್ದಾರಿಯಿಂದ ಆರಂಭಿಸದೆ ನದಿಯಿಂದ ಆರಂಭಿಸಿ. ನೆರೆಯ ಕಾಲದಲ್ಲಿ ಕಪಿಲೆ ಎಲ್ಲಿಯವರೆಗೆ ಹರಡುತ್ತದೆಯೋ ಅಷ್ಟನ್ನೂ ಮೊದಲು ಗುರುತಿಸಿ, ಉಳಿದದ್ದನ್ನು ಅದರ ನಂತರ ಹಂಚಿ.

ಕಾಗದದಲ್ಲಿ ಕಬಿನಿ ಎಂದೂ ಊರ ಬಾಯಲ್ಲಿ ಕಪಿಲೆ ಎಂದೂ ಕರೆಸಿಕೊಳ್ಳುವ ಈ ನದಿ ಹುಟ್ಟುವುದು ಕೇರಳದ ವಯನಾಡಿನಲ್ಲಿ. ಪನಮರಂ ಹೊಳೆ ಮತ್ತು ಮಾನಂದವಾಡಿ ಹೊಳೆಗಳು ಸೇರಿ ಅದು ಕಬಿನಿಯಾಗುತ್ತದೆ. ಕೇರಳದ ಬಹುಪಾಲು ನದಿಗಳು ಪಶ್ಚಿಮದ ಸಮುದ್ರಕ್ಕೆ ಇಳಿದರೆ, ಪೂರ್ವಕ್ಕೆ ಹರಿಯುವ ಮೂರೇ ನದಿಗಳಲ್ಲಿ ಇದೂ ಒಂದು. ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಜಲಾಶಯವನ್ನು ದಾಟಿ, ನುಗು ಹೊಳೆಯನ್ನು ಕೂಡಿಸಿಕೊಂಡು ಅದು ನಮ್ಮ ತಾಲ್ಲೂಕಿಗೆ ಬರುತ್ತದೆ. ಊರಿನ ಬಳಿಯೇ ದಕ್ಷಿಣದ ಗುಂಡ್ಲುಪೇಟೆ ಕಡೆಯಿಂದ ಹರಿದು ಬರುವ ಗುಂಡ್ಲು ಹೊಳೆ, ಅಂದರೆ ಕೌಂಡಿನ್ಯ, ಕಪಿಲೆಯನ್ನು ಸೇರುತ್ತದೆ. ಆ ಸಂಗಮವನ್ನೇ ಪರಶುರಾಮ ಕ್ಷೇತ್ರವೆಂದು ಕರೆಯುತ್ತೇವೆ. ಇಲ್ಲಿಂದ ಮುಂದೆ ಸುತ್ತೂರಿನ ದಂಡೆಯನ್ನು ಹಾಯ್ದು ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಗೆ ಸೇರುತ್ತದೆ.

ಇದನ್ನೆಲ್ಲ ಹೇಳುವುದಕ್ಕೆ ಕಾರಣವಿದೆ. ಊರು ನದಿಯ ಬಲದಂಡೆಯ ಮೇಲಿದೆ, ಮೈಸೂರು ಎಡದಂಡೆಯ ಕಡೆಗಿದೆ. ಹೀಗಾಗಿ ಮೈಸೂರಿನಿಂದ ಬರುವ ಪ್ರತಿಯೊಬ್ಬರೂ ಕಪಿಲೆಯನ್ನು ದಾಟಿಯೇ ಊರನ್ನು ಪ್ರವೇಶಿಸಬೇಕು. ಇನ್ನೂ ಮುಖ್ಯವಾದದ್ದು, ನಮ್ಮ ನೆರೆ ನಮ್ಮ ಮಳೆಯಿಂದ ಬರುವುದಿಲ್ಲ. ನಂಜನಗೂಡಿನ ಆಕಾಶ ಪೂರ್ತಿ ತಿಳಿಯಾಗಿರುವಾಗಲೇ ತೋಪಿನ ಬೀದಿಯಲ್ಲಿ ನೀರು ಏರುವುದು ಸಾಧ್ಯವಿದೆ, ಏಕೆಂದರೆ ಆ ಮಳೆ ಬಿದ್ದದ್ದು ಪಶ್ಚಿಮ ಘಟ್ಟದ ಇಳಿಜಾರಿನಲ್ಲಿ. ಮೈಸೂರಿನ ಬಡಾವಣೆಗೆ ಚರಂಡಿಯನ್ನು ಲೆಕ್ಕ ಹಾಕುವಾಗ ಸ್ಥಳೀಯ ಮಳೆಯ ಅಂಕಿಅಂಶ ಸಾಕಾಗಬಹುದು. ಅದೇ ಅಂಕಿಅಂಶವನ್ನು ಹಿಡಿದು ಕಪಿಲೆಯ ದಂಡೆಯಲ್ಲಿ ಬಡಾವಣೆಗೆ ಅನುಮತಿ ಕೊಡುವುದು ತಪ್ಪಾಗುತ್ತದೆ. ಒಂದೇ ಯೋಜನಾ ಪ್ರದೇಶಕ್ಕೆ ಒಂದೇ ಅಳತೆಗೋಲು ಎಂಬ ಕ್ರಮ ಮೊದಲು ಎಡವುವುದು ಇಲ್ಲಿಯೇ.

ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ ಅಣೆಕಟ್ಟು ಇರುವಾಗ ನೆರೆಯ ಭಯವೇಕೆ ಎಂದು ಕೇಳುವವರಿದ್ದಾರೆ. 1974ರಲ್ಲಿ ಪೂರ್ಣಗೊಂಡ ಆ ಜಲಾಶಯದ ಸಾಮರ್ಥ್ಯ 19.52 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ), ಹೋಲಿಕೆಗೆ ಹೇಳುವುದಾದರೆ ಕೃಷ್ಣರಾಜಸಾಗರದ್ದು 49.45 ಟಿಎಂಸಿ. ಒಂದು ಲಕ್ಷ ಕ್ಯೂಸೆಕ್, ಅಂದರೆ ಸೆಕೆಂಡಿಗೆ ಒಂದು ಲಕ್ಷ ಘನ ಅಡಿ, ನೀರು ಒಂದು ದಿನ ಪೂರ್ತಿ ಹರಿದರೆ 8.64 ಟಿಎಂಸಿ ಆಗುತ್ತದೆ. ಅಂದರೆ ಅಂಥ ಹರಿವು ಬಂದಾಗ ಸಂಪೂರ್ಣ ಬರಿದಾಗಿರುವ ಜಲಾಶಯವೂ ಎರಡು ದಿನ ಚಿಲ್ಲರೆಯಲ್ಲಿ ತುಂಬಿಬಿಡುತ್ತದೆ, ಮತ್ತು ಮುಂಗಾರಿನ ನಡುವೆ ಯಾವ ಜಲಾಶಯವೂ ಬರಿದಾಗಿರುವುದಿಲ್ಲ. ತುಂಬಿದ ಮೇಲೆ ಬಂದಷ್ಟು ನೀರನ್ನೂ ಕೆಳಕ್ಕೆ ಬಿಡದೆ ಅಣೆಕಟ್ಟೆಯವರಿಗೆ ಬೇರೆ ದಾರಿಯಿಲ್ಲ. ಮೇಲ್ಭಾಗದಲ್ಲಿ, ಕೇರಳದ ಬಾಣಾಸುರ ಸಾಗರದ ಗೇಟುಗಳು ತೆರೆದರೆ ಆ ನೀರೂ ಇದೇ ಹಾದಿಯಲ್ಲಿ ಬರುತ್ತದೆ. ನೀರಾವರಿಗೂ ಕುಡಿಯುವ ನೀರಿಗೂ ಅಗತ್ಯವಾದ ಈ ಅಣೆಕಟ್ಟು ದೊಡ್ಡ ನೆರೆಯನ್ನು ತಡೆಯುವಷ್ಟು ದೊಡ್ಡದಲ್ಲ. ವರ್ಷಗಳ ಕಾಲ ದೊಡ್ಡ ನೀರು ಬಾರದಿದ್ದಾಗ, ಅಣೆಕಟ್ಟು ನಮ್ಮನ್ನು ಕಾಯುತ್ತಿದೆ ಎಂಬ ನಂಬಿಕೆ ಬೆಳೆದು, ಆ ನಂಬಿಕೆಯ ಮೇಲೆಯೇ ದಂಡೆಯಲ್ಲಿ ಸೈಟುಗಳು ಬಿದ್ದವು ಎಂಬುದು ನನ್ನ ಅಭಿಪ್ರಾಯ.

2018ರ ಆಗಸ್ಟಿನಲ್ಲಿ ಆ ನಂಬಿಕೆ ಮುರಿಯಿತು. ಮೈಸೂರು–ನಂಜನಗೂಡು ರಸ್ತೆ ಮಲ್ಲನಮೂಲೆ ಮಠದ ಬಳಿ ನೀರಿನಲ್ಲಿ ಮುಳುಗಿ ಸಂಚಾರ ನಿಂತಿತು. ಮರುವರ್ಷ, 2019ರ ಆಗಸ್ಟಿನಲ್ಲಿ, ಜಲಾಶಯದ ಹೊರಹರಿವು ಒಂದು ಲಕ್ಷ ಕ್ಯೂಸೆಕ್ ದಾಟಿದಾಗ ಅದೇ ಸ್ಥಳ ಮತ್ತೆ ಮುಳುಗಿತು. 2024ರ ಜುಲೈ ಕೊನೆಯಲ್ಲಿ, ವಯನಾಡಿನಲ್ಲಿ ಗುಡ್ಡ ಕುಸಿದು ನೂರಾರು ಜನ ಸತ್ತ ಆ ಮಳೆಯ ನೀರೇ ಇಲ್ಲಿಗೂ ಬಂದು, ಇನ್ನೊಮ್ಮೆ ರಸ್ತೆ ಮುಚ್ಚಿತು. ಇದು ಊರಿನ ಒಳರಸ್ತೆಯಲ್ಲ. ಕೋಯಿಕ್ಕೋಡಿನಿಂದ ಗುಂಡ್ಲುಪೇಟೆಯ ಮೂಲಕ ಮೈಸೂರಿಗೂ ಅಲ್ಲಿಂದ ಕೊಳ್ಳೇಗಾಲಕ್ಕೂ ಹೋಗುವ 766ನೇ ರಾಷ್ಟ್ರೀಯ ಹೆದ್ದಾರಿ. ತೋಪಿನ ಬೀದಿ, ಹಳ್ಳದಕೇರಿ, ಸರಸ್ವತಿ ಕಾಲೋನಿಯಂಥ ತಗ್ಗು ಪ್ರದೇಶದ ಕುಟುಂಬಗಳು ಪ್ರತಿ ಬಾರಿಯೂ ಗಂಟುಮೂಟೆ ಕಟ್ಟಿಕೊಂಡು ಕಾಳಜಿ ಕೇಂದ್ರಕ್ಕೆ ಹೋಗಿ, ನೀರಿಳಿದ ಮೇಲೆ ಕೆಸರು ಬಳಿದು ಮತ್ತೆ ಅದೇ ಮನೆಯಲ್ಲಿ ಒಲೆ ಹಚ್ಚುತ್ತವೆ. ನೀರು ಎಲ್ಲಿಯವರೆಗೆ ಬರುತ್ತದೆ ಎಂಬುದು ಈಗ ಊಹೆಯ ವಿಷಯವಲ್ಲ. ಕಣ್ಣಿಗೆ ಕಂಡ, ಫೋಟೊಗಳಲ್ಲಿ ದಾಖಲಾದ, ಗೋಡೆಗಳ ಮೇಲೆ ಕಲೆಯಾಗಿ ಉಳಿದ ಸಂಗತಿ. ಇಷ್ಟಾದ ಮೇಲೂ ಮುಂದಿನ ನಕ್ಷೆಯಲ್ಲಿ ಕಪಿಲೆಯನ್ನು ಬೇಸಿಗೆಯ ಅಗಲಕ್ಕೆ ಮಾತ್ರ ನೀಲಿ ಬಳಿದು ತೋರಿಸಿದರೆ ಅದನ್ನು ಅಜ್ಞಾನವೆಂದು ಯಾರೂ ಒಪ್ಪಲಾರರು.

ಹಿಂದಿನವರು ಈ ದಂಡೆಯಲ್ಲಿ ಏನು ಕಟ್ಟಿದರು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ನದಿಗೆ ಇಳಿಯುವ ಮೆಟ್ಟಿಲುಗಳು, ಹದಿನಾರು ಕಾಲಿನ ಮಂಟಪ, ಹಳೆಯ ಕಲ್ಲಿನ ಸೇತುವೆ, ಈ ಮೂರಕ್ಕೂ ಒಂದು ಸಮಾನ ಗುಣವಿದೆ. ಅವು ನೀರನ್ನು ತಡೆಯುವುದಿಲ್ಲ. ಮೆಟ್ಟಿಲು ಮುಳುಗುತ್ತದೆ, ನೀರಿಳಿದಾಗ ಮತ್ತೆ ಕಾಣಿಸಿಕೊಳ್ಳುತ್ತದೆ. ಮಂಟಪಕ್ಕೆ ಗೋಡೆಯೇ ಇಲ್ಲ. ಪ್ರವಾಹ ಕಂಬಗಳ ನಡುವೆ ಹಾದುಹೋಗುತ್ತದೆ. ಹದಿನಾರು ಕಾಲಿನ ಮಂಟಪಕ್ಕೆ ನೀರು ಎಷ್ಟೇರಿದೆ ಎಂಬುದೇ ನಮ್ಮಲ್ಲಿ ನೆರೆಯ ಸುದ್ದಿಯ ಮೊದಲ ಸಾಲು. ಯಾವ ಇಲಾಖೆಯೂ ನೇಮಿಸದ ಅಳತೆಯ ಕಂಬ ಅದು. ಮುಳುಗಿದರೂ ಹಾಳಾಗದಂಥದ್ದನ್ನು ಮಾತ್ರ ನದಿಯ ಹತ್ತಿರ ಕಟ್ಟಬೇಕು ಎಂಬ ತಿಳಿವಳಿಕೆ ಆ ಕಟ್ಟಡಗಳಲ್ಲಿದೆ. ಈಗ ನಾವು ಅದೇ ದಂಡೆಗೆ ಲಾರಿಗಟ್ಟಲೆ ಮಣ್ಣು ಸುರಿದು, ಮಟ್ಟ ಏರಿಸಿ, ಸುತ್ತ ಕಾಂಪೌಂಡ್ ಎಬ್ಬಿಸುತ್ತೇವೆ. ಮಣ್ಣು ಏರಿಸಿದವನ ಮನೆ ಉಳಿಯಬಹುದು. ಆದರೆ ಅವನ ಜಾಗದಲ್ಲಿ ಹರಡಬೇಕಾಗಿದ್ದ ನೀರು ಎದುರು ದಂಡೆಗೋ ಹಿಂದಿನ ಬೀದಿಗೋ ಹೋಗುತ್ತದೆ, ಮತ್ತು ನದಿಯ ದಾರಿ ಕಿರಿದಾದಷ್ಟೂ ಅದರ ಮೇಲ್ಭಾಗದಲ್ಲಿ ನೀರಿನ ಮಟ್ಟ ಏರುತ್ತದೆ.

ಆ ಹಳೆಯ ಸೇತುವೆಯ ಬಗ್ಗೆ ಇನ್ನಷ್ಟು ಹೇಳಲೇಬೇಕು. 1735ರಲ್ಲಿ, ಇಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ದಳವಾಯಿ ದೇವರಾಜಯ್ಯನವರು ಅದನ್ನು ಕಟ್ಟಿಸಿದರು. ಆಗ ರಾಜಧಾನಿ ಶ್ರೀರಂಗಪಟ್ಟಣ. ದಳವಾಯಿಗಳ ಮನೆತನದ ಊರು ಕಳಲೆ, ನಂಜನಗೂಡಿನಿಂದ ಕೆಲವೇ ಮೈಲಿ ದೂರದಲ್ಲಿ, ನದಿಯ ಈಚೆಗಿದೆ. ಅಧಿಕಾರ ನಡೆಸುವ ಪಟ್ಟಣಕ್ಕೂ ಸ್ವಂತ ಊರಿಗೂ ನಡುವೆ ಮಳೆಗಾಲದಲ್ಲಿ ದಾಟಲಾಗದ ನದಿಯೊಂದು ಇದ್ದವರಿಗೆ ಸೇತುವೆ ಬೇಕೆನ್ನಿಸಿದ್ದು ಸಹಜವೇ. ಇದು ನನ್ನ ಊಹೆ, ಆದರೆ ಭೂಪಟವನ್ನು ಮುಂದಿಟ್ಟುಕೊಂಡು ನೋಡಿದರೆ ಅಷ್ಟೇನೂ ದೂರದ ಊಹೆಯಲ್ಲ. ಸುಮಾರು 225 ಮೀಟರ್ ಉದ್ದದ ಆ ಸೇತುವೆ ಒತ್ತೊತ್ತಾಗಿ ನಿಲ್ಲಿಸಿದ ಒರಟು ಕಲ್ಲಿನ ಕಂಬಗಳ ಮೇಲೆ ನಿಂತಿದೆ. ಎತ್ತಿನ ಗಾಡಿ, ಕುದುರೆ, ಕಾಲಾಳುಗಳಿಗಾಗಿ ಕಟ್ಟಿದ ಅದರ ಮೇಲೆ ಸುಮಾರು ಒಂದೂವರೆ ಶತಮಾನದ ನಂತರ ಮೀಟರ್ ಗೇಜ್ ಹಳಿ ಹಾಸಿ ರೈಲು ಓಡಿಸಿದರು. ಪಕ್ಕದಲ್ಲೇ ರಸ್ತೆ, ಪಕ್ಕದಲ್ಲೇ ರೈಲು. ಮುಂದೆ ಹಳಿ ಚಾಮರಾಜನಗರದವರೆಗೆ ಬೆಳೆದಾಗಲೂ ಆ ಭಾರವನ್ನು ಹೊತ್ತದ್ದು ಇದೇ ಕಲ್ಲುಗಳು. 1924ರ ಜುಲೈನಲ್ಲಿ ಕಾವೇರಿ ಕಣಿವೆಯನ್ನೆಲ್ಲ ನಡುಗಿಸಿದ ಮಹಾ ನೆರೆಯ ನಂತರವೂ ಅದು ಕೆಲಸ ಮಾಡಿತು. ಹಳಿಯನ್ನು ಬ್ರಾಡ್ ಗೇಜಿಗೆ ಬದಲಿಸಿ, ಹೊಸ ಸೇತುವೆಗಳು ಬಂದ ಮೇಲೆ ಅದಕ್ಕೆ ಬಿಡುವು ಸಿಕ್ಕಿತು. ಬಿಡುವಿನ ಜೊತೆಗೆ ಅನಾದರವೂ ಸಿಕ್ಕಿತು. ಕಲ್ಲಿನ ಸಂದಿಗಳಲ್ಲಿ ಗಿಡಗಳು ಬೇರು ಬಿಡುತ್ತಿವೆ. ರೈಲಿನ ಭಾರಕ್ಕೆ ಜಗ್ಗದ ಕಲ್ಲನ್ನು ಒಂದು ಅರಳಿ ಸಸಿಯ ಬೇರು ನಿಧಾನವಾಗಿ ಸರಿಸಬಲ್ಲದು ಎಂಬುದನ್ನು ಹಳೆಯ ಕಟ್ಟಡಗಳ ಕೆಲಸ ಬಲ್ಲ ಯಾರನ್ನು ಕೇಳಿದರೂ ಹೇಳುತ್ತಾರೆ.

ಸೇತುವೆಯ ಪಕ್ಕದಲ್ಲಿ ಫಲಕವೊಂದನ್ನು ನೆಟ್ಟು ಅದನ್ನು ಪರಂಪರೆ ಎಂದು ಕರೆದು ಕೈತೊಳೆದುಕೊಳ್ಳುವುದು ಬೇಡ. ಗಿಡಗಳನ್ನು ಬೇರುಸಹಿತ ತೆಗೆಸಿ, ಕಂಬಗಳ ಬುಡ ನೀರಿನ ಸೆಳೆತಕ್ಕೆ ಎಷ್ಟು ಕೊರೆದಿದೆ ಎಂದು ಬೇಸಿಗೆಯಲ್ಲಿ ಪರೀಕ್ಷಿಸಿ, ನಂತರ ಅದನ್ನು ನಡೆದು ಹೋಗುವವರಿಗೆ ತೆರೆದುಕೊಡಿ. ಇದಕ್ಕಿಂತ ಮಹತ್ವದ ಇನ್ನೊಂದು ವಿಷಯವೂ ಈ ಸೇತುವೆಗೆ ಅಂಟಿಕೊಂಡಿದೆ. ಮಲ್ಲನಮೂಲೆಯ ಬಳಿ ಹೆದ್ದಾರಿ ಪದೇಪದೇ ಮುಳುಗುತ್ತಿರುವುದರಿಂದ ಅದನ್ನು ಎತ್ತರಿಸಬೇಕೆಂಬ ಬೇಡಿಕೆ ಇದೆ. ಅದು ನ್ಯಾಯವಾದ ಬೇಡಿಕೆಯೇ. ಆದರೆ ಅಲ್ಲಿ ಮಣ್ಣಿನ ಏರಿ ಹಾಕಿ ರಸ್ತೆ ಎತ್ತರಿಸಿದರೆ, ಆ ಏರಿಯೇ ನೆರೆಯ ಬಯಲಿಗೆ ಅಡ್ಡಲಾಗಿ ಕಟ್ಟಿದ ಒಡ್ಡಾಗುತ್ತದೆ. ಹೆದ್ದಾರಿ ಒಣಗಿರುತ್ತದೆ, ಅದರ ಮೇಲ್ಭಾಗದ ಹಳ್ಳಿಗಳೂ ಗದ್ದೆಗಳೂ ಮುಳುಗುತ್ತವೆ. ಎತ್ತರಿಸುವುದಾದರೆ ನೀರು ಹರಡುವ ಅಷ್ಟೂ ಉದ್ದಕ್ಕೆ ಕಂಬಗಳ ಮೇಲೆ ಎತ್ತರಿಸಬೇಕು. ಖರ್ಚು ಹೆಚ್ಚಾಗುತ್ತದೆ ಎಂಬುದು ಗೊತ್ತು. ಏರಿಗೆ ಹಾಕಿದ ಹಣದ ಜೊತೆಗೆ ಪ್ರತಿ ನೆರೆಯಲ್ಲೂ ಕೊಡಬೇಕಾದ ಪರಿಹಾರವನ್ನು ಕೂಡಿಸಿ ನೋಡಿದರೆ ಯಾವುದು ದುಬಾರಿ ಎಂಬ ಲೆಕ್ಕ ಬೇರೆಯಾದೀತು.

ಊರಿನ ಚರಿತ್ರೆಯಲ್ಲಿ ದೇವಾಲಯದ ಪಾಲು ಎಲ್ಲರಿಗೂ ತಿಳಿದದ್ದೇ ಆದ್ದರಿಂದ ಅದನ್ನು ವಿಸ್ತರಿಸುವುದಿಲ್ಲ. ಶ್ರೀಕಂಠೇಶ್ವರನ ಗುಡಿ ಒಂದೇ ಕಾಲದ್ದಲ್ಲ. ಹಲವು ಅರಸು ಮನೆತನಗಳ ಕಾಲದಲ್ಲಿ ಬೆಳೆಯುತ್ತ ಬಂದು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಇಂದಿನ ವಿಸ್ತಾರ ಪಡೆಯಿತು. ದೊಡ್ಡ ಗೋಪುರವನ್ನು 1845ರಲ್ಲಿ ಅವರ ರಾಣಿ ದೇವಾಜಮ್ಮಣ್ಣಿಯವರು ಕಟ್ಟಿಸಿದರು. ತನ್ನ ಪಟ್ಟದ ಆನೆಯ ಕಣ್ಣು ಗುಣವಾದಾಗ ಟಿಪ್ಪು ಸುಲ್ತಾನ್ ಪಚ್ಚೆಯ ಲಿಂಗವನ್ನು ಅರ್ಪಿಸಿ ಈ ದೇವರನ್ನು ಹಕೀಂ ನಂಜುಂಡ ಎಂದು ಕರೆದನೆಂಬ ಕಥೆಯನ್ನು ಇಲ್ಲಿನ ಮಕ್ಕಳೂ ಹೇಳುತ್ತಾರೆ. ರೋಗ ಗುಣಪಡಿಸುವ ದೇವರೆಂಬ ನಂಬಿಕೆ ಇರುವ ಊರಿನಲ್ಲಿಯೇ 1913ರಲ್ಲಿ ಬಿ.ವಿ. ಪಂಡಿತರು ಸದ್ವೈದ್ಯಶಾಲೆಯನ್ನು ಆರಂಭಿಸಿದ್ದು, ಅಲ್ಲಿನ ಹಲ್ಲುಪುಡಿ ನಾಡಿನ ಮನೆಮನೆಗೂ ಊರಿನ ಹೆಸರನ್ನು ಒಯ್ದದ್ದು ಆಕಸ್ಮಿಕವಿರಲಿ, ಇಲ್ಲದಿರಲಿ, ನೆನೆಯುವಂಥದ್ದು.

ಯೋಜನೆಯ ದೃಷ್ಟಿಯಿಂದ ದೇವಾಲಯದ ವಿಷಯದಲ್ಲಿ ಗಮನಿಸಬೇಕಾದದ್ದು ಕಾಲದ ಲೆಕ್ಕ. ಗೌತಮ ರಥವೂ ಸೇರಿ ಐದು ರಥಗಳು ಹೊರಡುವ ದೊಡ್ಡ ಜಾತ್ರೆ ನಡೆಯುವುದು ಮಾರ್ಚ್–ಏಪ್ರಿಲ್ ಹೊತ್ತಿಗೆ. ಅದು ಕಪಿಲೆಯಲ್ಲಿ ಹರಿವು ಬಹಳ ಕಡಿಮೆಯಾಗುವ ಕಾಲ. ಗುಂಡ್ಲು ಹೊಳೆಯಿಂದ ಆಗ ನೆಚ್ಚಬಹುದಾದ ನೀರು ಬರುವುದಿಲ್ಲ, ಮೇಲಿನಿಂದ ಜಲಾಶಯ ಬಿಟ್ಟಷ್ಟೇ ಗತಿ. ಹೀಗೆ ವರ್ಷದಲ್ಲಿ ಅತಿ ಹೆಚ್ಚು ಜನ ನದಿಗೆ ಇಳಿಯುವುದೂ ನದಿಯಲ್ಲಿ ನೀರು ಕಡಿಮೆ ಇರುವುದೂ ಒಟ್ಟಿಗೇ ಬರುತ್ತವೆ. ಮುಡಿ ಕೊಟ್ಟು, ಸ್ನಾನ ಮಾಡಿ, ಉಟ್ಟ ಬಟ್ಟೆಯನ್ನು ನೀರಿನಲ್ಲಿ ಬಿಟ್ಟು ಹೋಗುವವರನ್ನು ಬೈಯುವುದು ಸುಲಭ. ಆದರೆ ನೀರು ಕೆಡುವುದರಲ್ಲಿ ಅವರ ಪಾಲಿಗಿಂತ ಊರಿನ ಚರಂಡಿಗಳ ಮತ್ತು ಹೆದ್ದಾರಿಯುದ್ದಕ್ಕೂ ಬೆಳೆದ ಕಾರ್ಖಾನೆಗಳ ಪಾಲನ್ನು ಮೊದಲು ಪರಿಶೀಲಿಸಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದಾದ್ಯಂತ ಗುರುತಿಸಿದ 351 ಮಲಿನ ನದಿಭಾಗಗಳಲ್ಲಿ ಕರ್ನಾಟಕದ್ದು 17. ಅವುಗಳಲ್ಲಿ ಕಪಿಲೆಯ ನಂಜನಗೂಡು–ಹೆಜ್ಜಿಗೆ ಭಾಗವೂ ಒಂದು. ಆ ಪಟ್ಟಿ ನೀರಿನ ಬಿಒಡಿ, ಅಂದರೆ ಕೊಳೆಯನ್ನು ಜೀರ್ಣಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಪ್ರಮಾಣ, ಲೀಟರಿಗೆ 3 ಮಿಲಿಗ್ರಾಂ ದಾಟಿದ ಕಡೆಗಳನ್ನು ಗುರುತಿಸುತ್ತದೆ. ಬಯಲು ಸ್ನಾನಕ್ಕೆ ಯೋಗ್ಯವಾದ ನೀರಿಗೆ ಇರಬೇಕಾದ ಮಿತಿಯೂ ಅದೇ 3 ಮಿಲಿಗ್ರಾಂ. ಪುಣ್ಯಸ್ನಾನಕ್ಕೆಂದು ನಾಡಿನ ಎಲ್ಲ ಕಡೆಯಿಂದ ಜನ ಬರುವ ಜಾಗದ ನೀರು ಸ್ನಾನದ ಮಿತಿಯನ್ನೇ ಮೀರಿ ಪಟ್ಟಿಗೆ ಸೇರಿದೆ ಎಂದರೆ, ಸ್ನಾನಘಟ್ಟಕ್ಕೆ ಹೊಸ ಟೈಲ್ಸ್ ಹಾಕಿಸುವ ಮೊದಲು ಅದಕ್ಕಿಂತ ಮೇಲ್ಭಾಗದಲ್ಲಿ ಯಾವ ಮೋರಿ ಎಲ್ಲಿ ನದಿಗೆ ಬೀಳುತ್ತಿದೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸಬೇಕಲ್ಲವೇ? ಒಳಚರಂಡಿಯ ನೀರು ಸಂಸ್ಕರಣೆಯಾಗಿ ಎಲ್ಲಿ ಹೊರಬೀಳಬೇಕು ಎಂಬುದನ್ನು ಭೂಮಿಯ ಲಭ್ಯತೆ ನೋಡಿ ತೀರ್ಮಾನಿಸದೆ, ಸ್ನಾನಘಟ್ಟಕ್ಕಿಂತ ಕೆಳಗೆ, ಬೇಸಿಗೆಯ ಹರಿವಿನಲ್ಲೂ ಕೊಳೆ ತಿಳಿಯಾಗುವಷ್ಟು ಅವಕಾಶವಿರುವ ಕಡೆ ಗೊತ್ತುಮಾಡಬೇಕು. ಮೈಸೂರು ನಗರವೂ ಬಿದರಗೋಡಿನ ಯೋಜನೆಯ ಮೂಲಕ ಇದೇ ಕಬಿನಿಯ ನೀರನ್ನು ಕುಡಿಯುತ್ತದೆ. ನಗರವೂ ಉಪನಗರವೂ ಒಂದೇ ಯೋಜನೆಯಲ್ಲಿವೆ ಎಂಬ ಮಾತಿಗೆ ಅರ್ಥ ಬರಬೇಕಾದದ್ದು ಇಂಥ ಕಡೆ: ನೀರನ್ನು ಪಡೆಯುವ ನಗರ ಆ ನದಿಯ ಆರೋಗ್ಯದ ಖರ್ಚಿನಲ್ಲೂ ಪಾಲುದಾರನಾಗಬೇಕು.

ಇನ್ನು ಮಣ್ಣಿನ ವಿಷಯ. ನಂಜನಗೂಡು ರಸಬಾಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತು ಎರಡು ದಶಕಗಳಾಗುತ್ತ ಬಂದವು. ಆ ಮಾನ್ಯತೆಯ ಅರ್ಥ ಇಷ್ಟೇ: ದೇವರಸನಹಳ್ಳಿಯ ಸುತ್ತಮುತ್ತಲಿನ ಮಣ್ಣು, ನೀರು, ಹವೆಗಳಲ್ಲಿ ಬೆಳೆದ ಆ ಹಣ್ಣಿನ ರುಚಿ ಬೇರೆಡೆಯ ಹಣ್ಣಿಗೆ ಇಲ್ಲ. ಪನಾಮಾ ಸೊರಗು ರೋಗ ಆ ತೋಟಗಳನ್ನು ಬಹಳ ಮಟ್ಟಿಗೆ ನುಂಗಿತು. ರೋಗಾಣು ಮಣ್ಣಿನಲ್ಲೇ ವರ್ಷಾನುಗಟ್ಟಲೆ ಉಳಿಯುವುದರಿಂದ ಒಮ್ಮೆ ತಗುಲಿದ ತೋಟದಲ್ಲಿ ಮತ್ತೆ ಅದೇ ತಳಿಯನ್ನು ನೆಡುವುದು ಕಷ್ಟ. ಅಂಗಾಂಶ ಕೃಷಿಯ ಸಸಿಗಳಿಂದ ತಳಿಯನ್ನು ಉಳಿಸುವ ಪ್ರಯತ್ನ ತೋಟಗಾರಿಕೆಯವರದ್ದು, ಅದರ ಬಗ್ಗೆ ಯೋಜಕರು ಮಾಡಬೇಕಾದದ್ದಿಲ್ಲ. ಅವರ ಕೈಯಲ್ಲಿರುವುದು ಭೂಪರಿವರ್ತನೆ. ರೋಗಕ್ಕೆ ತುತ್ತಾದ ತೋಟ ಇಂದಲ್ಲ ನಾಳೆ ಮತ್ತೆ ತೋಟವಾಗಬಹುದು. ಒಮ್ಮೆ ಬಡಾವಣೆಯಾದ ತೋಟ ಆಗಲಾರದು. ಹುಲ್ಲಹಳ್ಳಿ ಮತ್ತು ರಾಂಪುರ ನಾಲೆಗಳ ನೀರು ಹರಿಯುವ ಗದ್ದೆಗಳಿಗೂ, ದಂಡೆಯ ಕಪ್ಪು ಮೆಕ್ಕಲು ಮಣ್ಣಿಗೂ ನಕ್ಷೆಯಲ್ಲಿ ವಸತಿಯನ್ನು ಸೂಚಿಸುವ ಹಳದಿ ಬಣ್ಣ ಬಳಿಯುವ ಮೊದಲು, ಅಲ್ಲಿ ನೆರೆ ಬಂದರೆ ಬೆಳೆ ಹಾಳಾಗುವುದು ಒಂದು ಹಂಗಾಮಿನ ನಷ್ಟ, ಮನೆ ಹಾಳಾಗುವುದು ಒಂದು ಸಂಸಾರದ ನಷ್ಟ ಎಂಬ ವ್ಯತ್ಯಾಸವನ್ನು ನೆನೆಯಿರಿ. ನೆರೆಯ ಬಯಲನ್ನು ಬೇಸಾಯಕ್ಕೆ ಉಳಿಸಿದರೆ ರಸಬಾಳೆಯ ನೆಲವೂ ಉಳಿಯುತ್ತದೆ, ನೀರಿಗೂ ಹರಡಲು ಜಾಗವಿರುತ್ತದೆ. ಎರಡು ಕೆಲಸಕ್ಕೆ ಒಂದೇ ಗೆರೆ ಸಾಕು. ಆದರೆ ಆ ಗೆರೆಯ ಒಳಗೆ ಸಿಲುಕಿದ ರೈತನ ಜಮೀನಿನ ಬೆಲೆ ಪಕ್ಕದ ಸೈಟಿನ ಬೆಲೆಯ ಮುಂದೆ ಕುಸಿಯುತ್ತದೆ ಎಂಬುದೂ ನಿಜ. ಅವನಿಗೆ ಬೇರೆಡೆ ಅಭಿವೃದ್ಧಿ ಹಕ್ಕನ್ನೋ (ಅಂದರೆ ಕಟ್ಟಡ ಕಟ್ಟುವ ಹಕ್ಕನ್ನೋ) ನೇರ ಪರಿಹಾರವನ್ನೋ ಕೊಡದೆ ಬರೀ ನಿರ್ಬಂಧ ಹೇರಿದರೆ ಅದು ಅನ್ಯಾಯವಾಗುತ್ತದೆ, ಮತ್ತು ಅಂಥ ಗೆರೆ ಹೆಚ್ಚು ಕಾಲ ನಿಲ್ಲುವುದೂ ಇಲ್ಲ.

ತಗ್ಗಿನ ಬೀದಿಗಳಲ್ಲಿ ಈಗಾಗಲೇ ಮನೆ ಮಾಡಿಕೊಂಡಿರುವವರ ವಿಷಯದಲ್ಲಿ ನನ್ನ ನಿಲುವು ಸ್ವಲ್ಪ ಬೇರೆ. ನೆರೆಯ ಗೆರೆ ಎಳೆದ ಕೂಡಲೇ ಅವರನ್ನು ಎಬ್ಬಿಸಿ ಊರಾಚೆಯ ಯಾವುದೋ ಸರ್ವೆ ನಂಬರಿಗೆ ಕಳಿಸುವುದೇ ಪರಿಹಾರವೆಂದು ತಿಳಿಯಬೇಡಿ. ದೇವಾಲಯದ ಸುತ್ತಿನ ವ್ಯಾಪಾರ, ಹೂವು, ಕೂಲಿ, ಮನೆಗೆಲಸ, ಇವುಗಳಿಂದ ಬದುಕುವ ಮನೆಗಳಿಗೆ ನಾಲ್ಕು ಕಿಲೋಮೀಟರ್ ದೂರವೂ ದೂರವೇ. ಊರಿನೊಳಗಿನ ಎತ್ತರದ ಸರ್ಕಾರಿ ಜಾಗಗಳನ್ನು ಮೊದಲು ಅವರಿಗಾಗಿ ಗುರುತಿಸಿ, ಹೋಗಲು ಒಪ್ಪಿದವರಿಗೆ ಅಲ್ಲಿ ಮನೆ ಕೊಡಿ. ಉಳಿಯುವವರಿಗೆ ಬೇಕಾದದ್ದು ನಿಖರವಾದ ಮುನ್ಸೂಚನೆ. ಹೊರಹರಿವು ಹೆಚ್ಚಿದಾಗ ನದಿ ಪಾತ್ರದ ತಗ್ಗು ಪ್ರದೇಶದವರು ಎಚ್ಚರದಿಂದಿರಬೇಕೆಂಬ ಪ್ರಕಟಣೆ ಪ್ರತಿ ವರ್ಷ ಬರುತ್ತದೆ. ಅದನ್ನು ಓದಿದ ಗೃಹಿಣಿಗೆ ತನ್ನ ಅಕ್ಕಿಯ ಮೂಟೆಯನ್ನು ಅಟ್ಟಕ್ಕೆ ಏರಿಸಬೇಕೋ ಬೇಡವೋ ಎಂಬುದು ತಿಳಿಯುವುದಿಲ್ಲ. ಜಲಾಶಯದಿಂದ ಇಷ್ಟು ಕ್ಯೂಸೆಕ್ ಬಿಟ್ಟರೆ ಇಷ್ಟು ಗಂಟೆಗಳಲ್ಲಿ ಯಾವ ಬೀದಿಯ ಯಾವ ಮನೆಯವರೆಗೆ ನೀರು ಬರುತ್ತದೆ ಎಂಬ ಪಟ್ಟಿಯನ್ನು 2018, 2019 ಮತ್ತು 2024ರ ಅನುಭವದಿಂದಲೇ ತಯಾರಿಸಬಹುದು. ಆ ಮೂರು ವರ್ಷಗಳ ನೀರಿನ ಮಟ್ಟವನ್ನು ಬೀದಿಯ ಮೂಲೆಗಳಲ್ಲಿ, ಶಾಲೆಯ ಗೋಡೆಗಳಲ್ಲಿ, ಹದಿನಾರು ಕಾಲಿನ ಮಂಟಪದ ಬಳಿ ಬಣ್ಣದ ಗೆರೆಯಿಂದ ಗುರುತಿಸುವುದಕ್ಕೆ ಆಗುವ ಖರ್ಚು ಒಂದು ಸ್ವಾಗತ ಕಮಾನಿನ ಖರ್ಚಿಗಿಂತ ಕಡಿಮೆ. ಸೈಟು ಕೊಳ್ಳಲು ಬಂದವರಿಗೂ ಆ ಗೆರೆ ಕಾಣಲಿ.

2011ರ ಜನಗಣತಿಯಲ್ಲಿ ಸುಮಾರು 50 ಸಾವಿರ ಜನರಿದ್ದ ಈ ಊರು ಬೆಳೆಯಲೇಬೇಕು, ಮತ್ತು ಬೆಳೆಯುವುದಕ್ಕೆ ಜಾಗವೂ ಇದೆ. ನದಿಯಿಂದ ದೂರದ ಎತ್ತರದ ನೆಲದ ಕಡೆಗೆ, ರೈಲು ನಿಲ್ದಾಣಗಳಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ವಸತಿಗೆ ಅವಕಾಶ ಕೊಡಬಹುದು. ಮೈಸೂರು–ಚಾಮರಾಜನಗರ ಮಾರ್ಗದಲ್ಲಿ ಕೆಲಸಕ್ಕೆ ಹೋಗಿಬರುವವರ ಹೊತ್ತಿಗೆ ಸರಿಯಾಗಿ ಇನ್ನಷ್ಟು ರೈಲುಗಳು ಓಡಿದರೆ, ಹೆದ್ದಾರಿಯ ಎರಡೂ ಬದಿಯಲ್ಲಿಯೇ ಮನೆ ಕಟ್ಟಬೇಕೆಂಬ ಒತ್ತಡವೂ ಇಳಿಯುತ್ತದೆ. ಇದರ ವಿವರಗಳನ್ನು ತಜ್ಞರು ನನಗಿಂತ ಚೆನ್ನಾಗಿ ಬಲ್ಲರು.

ಕೊನೆಯದಾಗಿ ಕಾರ್ಯವಿಧಾನದ ಬಗ್ಗೆ ಒಂದು ವಿನಂತಿ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ ಕರಡು ಯೋಜನೆಯನ್ನು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆಗಳನ್ನು ಆಹ್ವಾನಿಸುವುದು ಕಡ್ಡಾಯ. ಆ ಪ್ರಕಟಣೆ ಮೈಸೂರಿನ ಕಚೇರಿಯ ಗೋಡೆಗೆ ಸೀಮಿತವಾಗದಿರಲಿ. ನಂಜನಗೂಡಿಗೆ ಸಂಬಂಧಿಸಿದ ಹಾಳೆಗಳನ್ನು, ಸರ್ವೆ ನಂಬರುಗಳು ಓದಲು ಸಿಗುವಷ್ಟು ದೊಡ್ಡದಾಗಿ, ಕನ್ನಡದಲ್ಲಿ ಮುದ್ರಿಸಿ ನಗರಸಭೆಯ ಕಚೇರಿಯಲ್ಲಿಯೂ ದಂಡೆಯ ಗ್ರಾಮ ಪಂಚಾಯಿತಿಗಳಲ್ಲಿಯೂ ಇರಿಸಿ. ಅದರ ಮೇಲೆ ನೆರೆಯ ಗೆರೆ, ಮೋರಿಗಳು ನದಿಗೆ ಬೀಳುವ ಜಾಗಗಳು, ಹಳೆಯ ಸೇತುವೆಯ ಸುತ್ತ ಏನನ್ನೂ ಕಟ್ಟಬಾರದ ಪ್ರದೇಶ, ಈ ಮೂರೂ ಸ್ಪಷ್ಟವಾಗಿ ಕಾಣಲಿ. ಆಕ್ಷೇಪಣೆ ಕೇಳುವ ಸಭೆಯನ್ನು ಇದೇ ಊರಿನಲ್ಲಿ, ಕೆಲಸಕ್ಕೆ ಹೋಗುವವರೂ ಬರಬಹುದಾದ ರಜಾ ದಿನದಲ್ಲಿ ಕರೆಯಿರಿ. ತೋಪಿನ ಬೀದಿಯವರನ್ನೂ ದೇವರಸನಹಳ್ಳಿಯ ಬೆಳೆಗಾರರನ್ನೂ ಹೆಸರು ಹಿಡಿದು ಆಹ್ವಾನಿಸಿ. ನೆರೆಯ ಗೆರೆಯನ್ನು ಯಾವ ವರ್ಷದ ನೀರಿನ ಮಟ್ಟದ ಆಧಾರದಲ್ಲಿ ಎಳೆದಿದ್ದೀರಿ ಎಂಬ ಪ್ರಶ್ನೆಗೆ ಆ ಸಭೆಯಲ್ಲಿ ಲಿಖಿತ ಉತ್ತರ ಸಿಗಬೇಕೆಂದು ಈಗಲೇ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಂಜನಗೂಡಿನ ಒಬ್ಬ ನಿವಾಸಿ